ಕೆರ್ಮಾನ್ ಎಂಬ ಪದಕ್ಕೆ ವಿವರಣೆ

ನದಿಯ ಮೂಲ, ಋಷಿಯ ಮೂಲ ಕೆದಕಬಾರದಂತೆ.
ಹಣದ ಮೂಲ ಕೆದಕುವುದಕ್ಕೆ
ನನಗೆ ತಿಂಗಳ ಸಂಬಳ ಕೊಡುತ್ತಾರೆ,
ಟಿಬಿಲಿಸಿಯಲ್ಲಿ, ನಾಲ್ಕನೆಯ ಮಹಡಿಯಲ್ಲಿ,
ತೆರೆಯಲಾಗದ ಕಿಟಕಿಯ ಪಕ್ಕ.
ಕೆಳಗೆ ಮ್ತ್ಕ್ವಾರಿ ಹರಿಯುತ್ತದೆ, ಕೆಸರು ಬಣ್ಣ.
ಟರ್ಕಿಯಿಂದ ಬಂತೆಂದು ಯಾರೂ ಅದನ್ನು ತಡೆದಿಲ್ಲ.

ಮಂಗಳವಾರ ಹತ್ತು ಗಂಟೆಗೆ ಒಂದು ಸಾಲು ಕೆಂಪಾಯಿತು.
ನಾಲ್ಕು ಸಾವಿರದ ಎಂಟುನೂರ ಅರವತ್ತು ಯೂರೋ.
ಕಳಿಸಿದವರು: ಹ್ಯಾಂಬರ್ಗಿನ ಸಣ್ಣದೊಂದು ಮ್ಯೂಸಿಯಂ.
ಪಡೆಯುವವರು: ಶುಶಾನಿಕ್ ಗಜಾರ್ಯಾನ್, ಒಂಟಿ ವ್ಯಾಪಾರಿ, ಅವ್ಲಾಬಾರಿ.
ಬಾಬ್ತು: ಕೆರ್ಮಾನ್ ರತ್ನಗಂಬಳಿ, ದುರಸ್ತಿ.

ಕೆರ್ಮಾನ್ ಇರಾನಿನ ಊರು.
ಇರಾನಿನ ಊರುಗಳೆಲ್ಲ ಯಂತ್ರಕ್ಕೆ ಬಾಯಿಪಾಠ.
ರತ್ನವೂ ಗೊತ್ತಿಲ್ಲ ಅದಕ್ಕೆ, ಕಂಬಳಿಯೂ ಗೊತ್ತಿಲ್ಲ.

ನಾನು ಬರೆದೆ, ಯಾವಾಗಲೂ ಬರೆಯುವ ಹಾಗೆ:
ಮಾನ್ಯರೇ, ಒಪ್ಪಂದದ ಪ್ರತಿ ಕಳಿಸಿ.
ಇನ್‌ವಾಯ್ಸ್ ಕಳಿಸಿ. ಸರಕು ಯಾವಾಗ, ಯಾರ ಮೂಲಕ
ಇರಾನಿನಿಂದ ಹೊರಟಿತೆಂದು ತಿಳಿಸಿ.
ಈ ಹಣದ ಅಂತಿಮ ಫಲಾನುಭವಿ ಯಾರೆಂದು ಘೋಷಿಸಿ.
ಐದು ದಿನದೊಳಗೆ ಉತ್ತರ ಬಾರದಿದ್ದರೆ...
ಆ ವಾಕ್ಯ ತಾನೇ ಪೂರ್ತಿಯಾಗುತ್ತದೆ, ಬೆರಳು ಬೇಕಿಲ್ಲ.

ಗುರುವಾರ ಅವಳೇ ಬಂದಳು.
ಅರವತ್ತು ದಾಟಿರಬೇಕು. ಹೆಬ್ಬೆರಳ ಉಗುರು ನೀಲಿ,
ಕೊರಳಲ್ಲಿ ದಾರಕ್ಕೆ ಕಟ್ಟಿದ ಭೂತಗನ್ನಡಿ,
ಕೈಯಲ್ಲಿ ಔಷಧಿ ಅಂಗಡಿಯ ಪ್ಲಾಸ್ಟಿಕ್ ಚೀಲ.
ಕುರ್ಚಿ ತೋರಿಸಿದೆ. ಕೂರಲಿಲ್ಲ.

"ಒಪ್ಪಂದ ಇದೆ, ತಗೋ. ಇನ್‌ವಾಯ್ಸ್ ಇದೆ, ತಗೋ.
ಇರಾನಿನಿಂದ ಯಾವಾಗ ಹೊರಟಿತು ಅಂತೀಯಲ್ಲ,
ನನ್ನಜ್ಜಿ ಹುಟ್ಟುವ ಮೊದಲು, ಒಂಟೆಯ ಮೇಲೆ.
ಒಂಟೆಯ ಪಾಸ್‌ಪೋರ್ಟ್ ನನ್ನ ಹತ್ತಿರ ಇಲ್ಲ."

ಚೀಲವನ್ನು ನನ್ನ ಮೇಜಿನ ಮೇಲೆ ಮಗುಚಿದಳು.
ಎಳೆಗಳು: ಒಣಗಿದ ದಾಳಿಂಬೆ ಸಿಪ್ಪೆಯ ಬಣ್ಣ,
ಹುಳಿತ ವೈನಿನ ಬಣ್ಣ, ಹೆಸರಿಲ್ಲದ ಒಂದು ಹಸಿರು,
ನಡುವೆ ಬೂದಿಯಂಥ ಪುಡಿ.
"ನುಸಿ," ಅಂದಳು. "ಅಂತಿಮ ಫಲಾನುಭವಿ ಇದೇ.
ಇದು ತಿಂದಷ್ಟು ಜಾಗದಲ್ಲೇ ನನ್ನ ರೊಟ್ಟಿ."

ಪಕ್ಕದ ಮೇಜಿನಿಂದ ಜುರಾಬ್ ನಕ್ಕ.
ನಾನು ನಗಲಿಲ್ಲ, ಮೇಲೆ ಕ್ಯಾಮೆರಾ ಇತ್ತು.

ಆಮೇಲೆ ಅಂಗೈಯಗಲದ ಒಂದು ತುಂಡು ತೆಗೆದು
ಮುಖ ಕೆಳಗೆ ಮಾಡಿ ಇಟ್ಟಳು.
"ಎದುರಿನಿಂದ ನೋಡಿ ಯಾರೂ ಕಂಬಳಿ ಕೊಳ್ಳಬಾರದು.
ಹೂವು ಸುಳ್ಳು ಹೇಳುತ್ತೆ, ಗಂಟು ಹೇಳಲ್ಲ.
ಮುಟ್ಟು. ಇಲ್ಲಿ ನೇಯುವಾಗ ಬೆಳಕು ಸಾಲದಾಗಿತ್ತು.
ಇಲ್ಲಿ ಕೈ ಬದಲಾಗಿದೆ. ಚಿಕ್ಕ ಕೈ,
ಹತ್ತು ವರ್ಷದ್ದೋ ಏನೋ.
ಹನ್ನೊಂದು ತಿಂಗಳು ಆ ಕೈಯ ಜೊತೆಗೇ ಇದ್ದೆ,
ಹೆಸರು ಗೊತ್ತಾಗಲಿಲ್ಲ.
ನಿನ್ನ ಪಟ್ಟಿಯಲ್ಲಿದ್ದರೆ ನನಗೂ ಹೇಳು."

ಮುಟ್ಟಿದೆ.

ಅದೇ ಹೊತ್ತಿಗೆ, ಅವಳ ಹೆಗಲಾಚೆ, ಜುರಾಬನ ಪರದೆಯಲ್ಲಿ
ಆರು ಲಕ್ಷ ಯೂರೋ ಹಾದುಹೋಯಿತು:
ಸಲಹಾ ಶುಲ್ಕ, ಮೂರನೆಯ ಕಂತು.
ಸಹಿ ಸರಿ, ಮುದ್ರೆ ಸರಿ, ನೋಟರಿ ಸರಿ,
ಹಾಲಿನಲ್ಲಿ ತೊಳೆದಂಥ ಕಾಗದ.
ಕಣ್ಣು ಮಿಟುಕಿಸುವಷ್ಟರಲ್ಲಿ ಹಸಿರು.
ಯಾರಿಗೆ, ಯಾವ ಸಲಹೆ, ನಾವು ಕೇಳಲಿಲ್ಲ.
ಪರದೆಯನ್ನು ತಿರುಗಿಸಿ ನೋಡಿದರೂ ಅಲ್ಲಿ
ಧೂಳು, ವೈರು, ತಯಾರಿಕೆಯ ಸಂಖ್ಯೆ.

ಬಿಡುಗಡೆಗೆ ಕಾರಣ ಬರೆಯಬೇಕು, ಒಂದು ಚೌಕವಿದೆ.
"ಮೂಲ: ಕುರಿ" ಎಂದು ಒತ್ತಿದೆ.
ಕನಿಷ್ಠ ಐವತ್ತು ಅಕ್ಷರ ಬೇಕು ಅಂದಿತು ಯಂತ್ರ.
ಅಳಿಸಿ, ನಿಯಮ, ಉಪನಿಯಮ, ಲಗತ್ತು ಒಂದು, ಲಗತ್ತು ಎರಡು
ಎಂದು ಮುನ್ನೂರು ಅಕ್ಷರ ನೇಯ್ದೆ,
ಎದುರಿನಿಂದ ಚೆಂದ ಕಾಣುವ ಹಾಗೆ.

ಸೋಮವಾರ ಫೋನು. "ಬಂತು," ಅಂದಳು.
"ಹದಿನೆಂಟು ಯೂರೋ ಕಮ್ಮಿ. ಯಾರು ತಿಂದರು?"
ನಡುವಿನ ಬ್ಯಾಂಕು, ಅಂದೆ. ಫ್ರಾಂಕ್‌ಫರ್ಟೋ ಎಲ್ಲೋ.
"ಯಾಕೆ ತಿಂದಿತು? ಕಾಗದ ಕೊಟ್ಟಿತೇ?"
ಇಲ್ಲ, ಅಂದೆ. ಅವರನ್ನು ನಾವು ಕೇಳುವುದಿಲ್ಲ.

ಆಚೆ ಕಡೆ ಸ್ವಲ್ಪ ಹೊತ್ತು ಬರೀ ಕತ್ತರಿಯ ಸದ್ದು.
"ನುಸಿ," ಅಂದಳು, ಬೇಸರವೇನೂ ಇಲ್ಲದೆ,
ಕಸುಬಿನವರು ಕಸುಬಿನವರನ್ನು
ದೂರದಿಂದಲೇ ಗುರುತು ಹಿಡಿಯುವ ಹಾಗೆ.